ಕಣದ ಧೂಳು, ಮನೆಯ ಧೂಳು: ಉಬ್ಬಸದ ಕಾಟ ತಗ್ಗಿಸುವ ಬಗೆ

ಧಾರವಾಡದ ಕಡೆಯಿಂದ ಬೇಡ್ತಿ ಎಂಬ ಹೆಸರಿನಲ್ಲಿ ಹರಿದು ಬರುವ ನದಿ ಗಂಗಾವಳಿಯಾಗಿ ಕಡಲನ್ನು ಸೇರುತ್ತದೆ. ಆ ಸಂಗಮದ ಬಡಗಣ ದಂಡೆಯ ಮೇಲೆ ಅಂಕೋಲಾ ತಾಲ್ಲೂಕಿನ ಮಂಜಗುಣಿ ಇದೆ. ಕೆಲವು ವರ್ಷಗಳ ಹಿಂದೆ ಬಿತ್ತನೆ ಭತ್ತದ ಸಂಗ್ರಹಣೆ ಕುರಿತು ರೈತರೊಂದಿಗೆ ಮಾತನಾಡಲು ನಾನು ಅಲ್ಲಿಗೆ ಹೋಗಿದ್ದೆ. ಬೀಜದ ಭತ್ತಕ್ಕೆ ತೇವ ತಗಲಬಾರದು, ಮನೆಯೊಳಗೆ ಎತ್ತರದ ಜಾಗದಲ್ಲಿ ಇಡಿ ಎಂದು ಹೇಳಿ ಬಂದೆ. ಮರುವರ್ಷ ಹೋದಾಗ ಒಬ್ಬ ತಾಯಿ ಎದುರಿಗೆ ಬಂದು, "ಸಾಹೇಬ್ರೆ, ನೀವು ಹೇಳಿದ ಹಾಗೆ ಅಟ್ಟದ ಮೇಲೇ ಇಟ್ಟೆವು. ಬೀಜ ಚಲೋ ಹುಟ್ಟಿತು. ಆದರೆ ಅಟ್ಟದ ಕೆಳಗೆ ಮಲಗುವ ಹುಡುಗನಿಗೆ ದಮ್ಮು ಹೆಚ್ಚಾಯಿತು" ಎಂದರು.

ನಾನು ಬೀಜದ ಬಗ್ಗೆ ಯೋಚಿಸಿದ್ದೆನೇ ಹೊರತು ಅಟ್ಟದ ಕೆಳಗೆ ಯಾರು ಮಲಗುತ್ತಾರೆ ಎಂದು ಕೇಳಿರಲಿಲ್ಲ. ಆ ಮನೆಯ ಅಟ್ಟದಲ್ಲಿ ಭತ್ತದ ಗೋಣಿಗಳ ಜೊತೆಗೆ ಹಳೆಯ ಹುಲ್ಲು, ತೆಂಗಿನ ಸಿಪ್ಪೆ, ಹರಿದ ಕೌದಿಗಳೂ ಇದ್ದವು. ಹಲಗೆಗಳ ಸಂದಿನಿಂದ ದಿನವೂ ಸಣ್ಣ ಪುಡಿ ಹುಡುಗನ ಹಾಸಿಗೆಯ ಮೇಲೆ ಉದುರುತ್ತಿತ್ತು. ತಾಯಿ ಪಾಪ, ದಿನಕ್ಕೆ ಮೂರು ಸಲ ಕಸಬರಿಗೆ ಹಿಡಿದು ಗುಡಿಸುತ್ತಿದ್ದರು. ಗುಡಿಸಿದಷ್ಟೂ ಹುಡುಗನ ಕೆಮ್ಮು ಹೆಚ್ಚುತ್ತಿತ್ತು.

ಬೇಸಾಯಗಾರನ ಮನೆಗೆ ಧೂಳು ಹೊಸತಲ್ಲ. ಆದರೆ ಧೂಳು ಒಗ್ಗದವರಿರುವ ಮನೆಯಲ್ಲಿ ಅದು ರಾತ್ರಿಯ ನಿದ್ದೆಯನ್ನು, ಮಗುವಿನ ಶಾಲೆಯನ್ನು, ಸುಗ್ಗಿಯ ಕಾಲದ ದುಡಿಮೆಯನ್ನು ಕಸಿದುಕೊಳ್ಳುತ್ತದೆ. ಈ ಧೂಳು ಎಲ್ಲಿಂದ ಬರುತ್ತದೆ, ನಮ್ಮ ಕರಾವಳಿಯಲ್ಲಿ ಅದರ ಕಾಟ ಏಕೆ ಹೆಚ್ಚು, ಹೆಚ್ಚಿನ ಖರ್ಚಿಲ್ಲದೆ ಅದನ್ನು ತಗ್ಗಿಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಗ್ಗದಿಕೆ ಎಂದರೇನು?

ನಮ್ಮ ದೇಹಕ್ಕೆ ಹೊರಗಿನಿಂದ ಬಂದ ರೋಗಾಣುಗಳೊಡನೆ ಹೋರಾಡುವ ಶಕ್ತಿ ಇದೆ. ಕೆಲವರಲ್ಲಿ ಈ ಶಕ್ತಿಯು ಅಪಾಯವಿಲ್ಲದ ವಸ್ತುಗಳನ್ನೂ ವೈರಿ ಎಂದು ಬಗೆದು ಅವುಗಳ ಮೇಲೆ ಏರಿ ಹೋಗುತ್ತದೆ. ಇದನ್ನೇ ಅಲರ್ಜಿ ಎನ್ನುತ್ತೇವೆ. 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಈ ಪದವನ್ನು ಬಳಕೆಗೆ ತಂದರು. ಸಾಲು ಸಾಲು ಸೀನು, ಮೂಗು ಸೋರುವುದು, ಕಣ್ಣು ತುರಿಸುವುದು, ರಾತ್ರಿ ಮತ್ತು ನಸುಕಿನಲ್ಲಿ ಕೆಮ್ಮು, ಎದೆಯಲ್ಲಿ ಸುಯ್ ಸುಯ್ ಸದ್ದು ಇವು ಅದರ ಸಾಮಾನ್ಯ ಲಕ್ಷಣಗಳು. ಶ್ವಾಸನಾಳಗಳು ಊದಿಕೊಂಡು ಕಿರಿದಾಗಿ ಉಸಿರು ಕಟ್ಟಿದಂತಾಗುವುದೇ ಅಸ್ತಮಾ ಅಥವಾ ಉಬ್ಬಸ.

ಎಲ್ಲರಿಗೂ ಒಂದೇ ವಸ್ತು ಒಗ್ಗದು ಎಂದೇನಿಲ್ಲ. ಕೆಲವರಿಗೆ ಹೂವಿನ ಪರಾಗ, ಕೆಲವರಿಗೆ ಬೂಷ್ಟು, ಕೆಲವರಿಗೆ ಬೆಕ್ಕು, ನಾಯಿ ಅಥವಾ ಜಿರಲೆ ತೊಂದರೆ ಕೊಡಬಹುದು. ಆದರೆ ಮನೆಯೊಳಗಿನ ಕಾರಣಗಳಲ್ಲಿ ಮುಖ್ಯವಾದುದು ಬರಿಗಣ್ಣಿಗೆ ಕಾಣದ ಒಂದು ಜೀವಿ.

ಧೂಳಿನಲ್ಲಿರುವ ನುಸಿ

ತೆಂಗಿನ ನುಸಿಯನ್ನು ನೀವು ಬಲ್ಲಿರಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಮುಂದೆ ನಮ್ಮ ರಾಜ್ಯದ ತೋಟಗಳಿಗೂ ಹಬ್ಬಿ, ಕಾಯಿಗಳ ಮೇಲೆ ಕಂದು ಕಲೆ ಮೂಡಿಸಿ ಬೆಳೆಗಾರರನ್ನು ಕಂಗೆಡಿಸಿದ ಜೀವಿ ಅದು. ನುಸಿಗಳ ಅದೇ ದೊಡ್ಡ ಬಳಗಕ್ಕೆ ಸೇರಿದ ಇನ್ನೊಂದು ಗುಂಪು ನಮ್ಮ ಹಾಸಿಗೆ, ದಿಂಬು, ಕೌದಿಗಳಲ್ಲಿ ವಾಸಿಸುತ್ತದೆ. ಇವು ಕೀಟಗಳಲ್ಲ, ಎಂಟು ಕಾಲಿನ ಜೇಡದ ಸಂಬಂಧಿಗಳು. ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಮನುಷ್ಯನ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟೇ ಇವುಗಳ ಮುಖ್ಯ ಆಹಾರ. ಇವು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ತೊಂದರೆ ಬರುವುದು ಇವುಗಳ ಹಿಕ್ಕೆಯಿಂದ ಮತ್ತು ಸತ್ತ ನುಸಿಗಳ ಪುಡಿಯಿಂದ. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ಎರಡು ಮೂರು ತಿಂಗಳ ಬಾಳಿನಲ್ಲಿ ಹೆಣ್ಣು ನುಸಿ 40ರಿಂದ 80 ಮೊಟ್ಟೆ ಇಡುತ್ತದೆ.

ಮನೆಯ ಧೂಳಿನ ಅಲರ್ಜಿಗೆ ನುಸಿಯೇ ಕಾರಣವಿರಬೇಕೆಂದು 1964ರಲ್ಲಿ ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಲೈಡನ್ ನಗರದ ಫೋರ್‌ಹೋರ್ಸ್ಟ್, ಸ್ಪೀಕ್ಸ್ಮಾ ಮತ್ತು ಅವರ ಸಂಗಡಿಗರು. ಅದು ತಗ್ಗಿನ, ತೇವದ ದೇಶ. ಒಣ ಮನೆಗಳಿಗಿಂತ ತೇವದ ಮನೆಗಳ ಧೂಳಿನಲ್ಲಿ ನುಸಿಗಳು ಹೆಚ್ಚಾಗಿದ್ದುದನ್ನು ಅವರು ಗಮನಿಸಿದರು. ನಮ್ಮಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನುಸಿಶಾಸ್ತ್ರಕ್ಕೆ ಭದ್ರ ಬುನಾದಿ ಹಾಕಿದ ಡಾ. ಜಿ. ಪಿ. ಚನ್ನಬಸವಣ್ಣ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಬೆಂಗಳೂರಿನ ಮನೆಗಳ ಧೂಳಿನಲ್ಲಿರುವ ನುಸಿಗಳನ್ನೂ ಅಧ್ಯಯನ ಮಾಡಿದರು. ಬೆಳೆಯ ನುಸಿಯನ್ನು ಅರಿತವರೇ ಮನೆಯ ನುಸಿಯನ್ನೂ ಪರೀಕ್ಷಿಸಿದರು ಎಂಬುದನ್ನು ಇಲ್ಲಿ ನೆನೆಯಬೇಕು.

ಕರಾವಳಿಯಲ್ಲಿ ಕಾಟ ಹೆಚ್ಚೇಕೆ?

ಧೂಳಿನ ನುಸಿ ನೀರು ಕುಡಿಯುವುದಿಲ್ಲ. ತನಗೆ ಬೇಕಾದ ನೀರನ್ನು ಗಾಳಿಯಲ್ಲಿರುವ ತೇವಾಂಶದಿಂದಲೇ ಹೀರಿಕೊಳ್ಳುತ್ತದೆ. ಗಾಳಿಯ ಆರ್ದ್ರತೆ ಶೇ. 75ರಿಂದ 80, ಉಷ್ಣತೆ ಸುಮಾರು 25 ಡಿಗ್ರಿ ಸೆಂ. ಇದ್ದರೆ ಅದು ಹುಲುಸಾಗಿ ಬೆಳೆಯುತ್ತದೆ. ಆರ್ದ್ರತೆ ಶೇ. 50ಕ್ಕಿಂತ ಕೆಳಗಿಳಿದು ಹಾಗೆಯೇ ಕೆಲವು ದಿನ ನಿಂತರೆ ಒಣಗಿ ಸಾಯುತ್ತದೆ.

ಕಾರವಾರ, ಅಂಕೋಲಾ ಕಡೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆ ನಾಲ್ಕು ತಿಂಗಳು ಗೋಡೆ, ನೆಲ, ಬಟ್ಟೆ, ಹಾಸಿಗೆ ಯಾವುದೂ ಸರಿಯಾಗಿ ಒಣಗುವುದಿಲ್ಲ. ನದೀಮುಖದ ಊರುಗಳಿಗೆ ನೆರೆಯ ಭಯವೂ ಇದೆ. 2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿ ಅಂಕೋಲೆಯ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ನೆರೆ ಇಳಿದರೂ ಮಣ್ಣಿನ ಗೋಡೆ ಹೀರಿದ ನೀರು ತಿಂಗಳುಗಟ್ಟಲೆ ಉಳಿಯುತ್ತದೆ. ಅಂಥ ಗೋಡೆಯ ಮೇಲೆ ಬೂಷ್ಟು ಬೆಳೆಯುತ್ತದೆ, ಹತ್ತಿರದ ಹಾಸಿಗೆಯಲ್ಲಿ ನುಸಿ ಹೆಚ್ಚುತ್ತದೆ.

ಆದ್ದರಿಂದ ಬಯಲುಸೀಮೆಯ ಧೂಳಿಗೂ ನಮ್ಮ ಕರಾವಳಿಯ ಧೂಳಿಗೂ ವ್ಯತ್ಯಾಸವಿದೆ. ಅಲ್ಲಿಯದು ಬಹುಮಟ್ಟಿಗೆ ಒಣ ಮಣ್ಣು. ಇಲ್ಲಿಯದು ತೇವದಲ್ಲಿ ಬೆಳೆಯುವ ಜೀವಿಗಳ ಧೂಳು. ಇದನ್ನು ಕಸಬರಿಗೆಯೊಂದರಿಂದಲೇ ಗೆಲ್ಲಲಾಗದು. ಒಣಗಿಸುವುದೇ ಇದಕ್ಕೆ ಮೊದಲ ಮದ್ದು.

ಒಕ್ಕಣೆಯ ಧೂಳು ಮನೆಗೆ ಬಾರದಂತೆ

ಧಾನ್ಯದ ಧೂಳು ಎದೆಗೆ ಕೆಡುಕು ಎಂಬ ಅರಿವು ಹಳೆಯದು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝಿನಿ 1700ರಲ್ಲಿ ಪ್ರಕಟಿಸಿದ ಕಸುಬಿನ ರೋಗಗಳ ಗ್ರಂಥದಲ್ಲಿ ಧಾನ್ಯ ಜರಡಿ ಹಿಡಿಯುವವರ ಮತ್ತು ಅಳೆಯುವವರ ಕೆಮ್ಮು, ಉಬ್ಬಸಗಳನ್ನು ವಿವರಿಸಿದ್ದಾರೆ. ಭತ್ತ ಬಡಿಯುವಾಗ, ತೂರುವಾಗ ಏಳುವ ಧೂಳಿನಲ್ಲಿ ಮಣ್ಣಿನ ಜೊತೆ ಭತ್ತದ ಸುಂಕು, ಬೂಷ್ಟಿನ ಬೀಜಕಣ, ಹುಲ್ಲಿನ ನುಸಿ ಎಲ್ಲವೂ ಸೇರಿರುತ್ತವೆ.

ಕಡಲ ದಂಡೆಯ ರೈತರಿಗೆ ಇಲ್ಲಿ ಒಂದು ಅನುಕೂಲವಿದೆ. ಮಳೆ ಹಿಂದೆ ಸರಿದ ಮೇಲೆ, ಅಂದರೆ ಕೊಯ್ಲಿನ ಕಾಲದಲ್ಲಿ, ಶುಭ್ರ ದಿನಗಳಲ್ಲಿ ಗಾಳಿಯು ಹೆಚ್ಚುಕಡಿಮೆ ಗೊತ್ತಾದ ಹೊತ್ತಿಗೆ ದಿಕ್ಕು ಬದಲಿಸುತ್ತದೆ. ರಾತ್ರಿಯಿಂದ ಬೆಳಗಿನವರೆಗೆ ನೆಲದಿಂದ ಕಡಲ ಕಡೆಗೆ, ಅಂದರೆ ಪೂರ್ವದಿಂದ ಪಶ್ಚಿಮಕ್ಕೆ ತೆಳುವಾಗಿ ಬೀಸುತ್ತದೆ. ಬಿಸಿಲೇರಿದ ಮೇಲೆ ಸಂಜೆಯವರೆಗೆ ಕಡಲಿನಿಂದ ನೆಲದ ಕಡೆಗೆ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಇದನ್ನು ಬಳಸಿಕೊಳ್ಳುವ ಕ್ರಮ ಹೀಗಿದೆ:

1. ಕಣವು ಮನೆಯ ಪೂರ್ವಕ್ಕಿದ್ದರೆ ಬಡಿಯುವ, ತೂರುವ ಕೆಲಸವನ್ನು ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಮಾಡಿ. ಧೂಳು ಮನೆಯಿಂದ ಆಚೆಗೆ ಹೋಗುತ್ತದೆ.

2. ಕಣವು ಮನೆಯ ಪಶ್ಚಿಮಕ್ಕಿದ್ದರೆ ಅದೇ ಕೆಲಸವನ್ನು ಬೆಳಗ್ಗೆ ಬೇಗ, ಕಡಲ ಗಾಳಿ ಏಳುವ ಮೊದಲು ಮುಗಿಸಿ. ಬೆಳಗಿನ ಗಾಳಿ ತೂರಲು ಸಾಲದಿದ್ದರೆ ಬಡಿಯುವುದನ್ನಷ್ಟೇ ಅಲ್ಲಿ ಮಾಡಿ, ತೂರುವುದನ್ನು ಗದ್ದೆಯಲ್ಲಿ ಇಟ್ಟುಕೊಳ್ಳಿ.

3. ಹೊಸದಾಗಿ ಕಣ ಮಾಡುವವರು ಸಾಧ್ಯವಾದರೆ ಮನೆಯ ಪೂರ್ವಕ್ಕೆ, ಸ್ವಲ್ಪ ದೂರದಲ್ಲಿ ಜಾಗ ಆರಿಸಬೇಕು. ಒಕ್ಕಣೆ ಯಂತ್ರ ತರಿಸಿದಾಗಲೂ ಹೊಟ್ಟು ಉಗುಳುವ ಬಾಯಿ ಮನೆಯ ಕಡೆಗೆ, ನೆರೆಯವರ ಜಗಲಿಯ ಕಡೆಗೆ ಇರದಂತೆ ನಿಲ್ಲಿಸಿ.

4. ಆ ಹೊತ್ತಿನಲ್ಲಿ ಗಾಳಿ ಬರುವ ಬದಿಯ ಕಿಟಕಿ ಬಾಗಿಲು ಮುಚ್ಚಿ. ಹೊರಗೆ ಒಣಹಾಕಿದ ಬಟ್ಟೆ, ಹಾಸಿಗೆಗಳನ್ನು ಮೊದಲೇ ಒಳಗೆ ತನ್ನಿ.

5. ಕೆಲಸ ಮುಗಿಸಿ ಬಂದವರು ಆ ಬಟ್ಟೆಯಲ್ಲೇ ಮಲಗುವ ಕೋಣೆಗೆ ಹೋಗಬಾರದು. ಬಚ್ಚಲಿನ ಬಳಿಯೇ ಬಟ್ಟೆ ಬದಲಿಸಿ, ತಲೆ ಸಹಿತ ಸ್ನಾನ ಮಾಡಬೇಕು. ತಲೆಗೂದಲಲ್ಲಿ ಕೂತ ಧೂಳು ರಾತ್ರಿ ದಿಂಬಿಗೆ ಇಳಿಯುತ್ತದೆ.

ಉಬ್ಬಸವಿರುವವರು ಕಣದ ಕೆಲಸದಿಂದ ದೂರವಿರುವುದೇ ಲೇಸು. ಹಾಗೆಂದು ಎಲ್ಲರಿಗೂ ಅದು ಸಾಧ್ಯವಾಗದು, ಕೂಲಿ ಕೈತಪ್ಪುತ್ತದೆ. ಅಂಥವರು ಮೂಗು ಬಾಯಿಗೆ ಬರಿಯ ಪಂಚೆಯ ತುದಿ ಕಟ್ಟಿಕೊಂಡರೆ ದಪ್ಪ ಧೂಳು ಮಾತ್ರ ತಡೆಯುತ್ತದೆ. 2020ರ ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಯವಾಗಿರುವ ಎನ್-95 ಮುಖಗವಸು ಮುಖಕ್ಕೆ ಸರಿಯಾಗಿ ಅಂಟಿಕೊಂಡಿದ್ದರೆ ಸೂಕ್ಷ್ಮ ಕಣಗಳನ್ನೂ ತಡೆಯಬಲ್ಲದು.

ಬೂಷ್ಟು ಹಿಡಿದ ಹುಲ್ಲು

ಕೊಯ್ಲಿನ ಹೊತ್ತಿಗೆ ಹಿಂಗಾರು ಮಳೆ ಬಿದ್ದು ಹುಲ್ಲು ಹಸಿಯಾಗಿಯೇ ಬಣವೆ ಸೇರುವುದುಂಟು. ಹಸಿ ಹುಲ್ಲು ಒಳಗೆ ಕಾದು ಬೂಷ್ಟು ಹಿಡಿಯುತ್ತದೆ. ಅಂಥ ಹುಲ್ಲನ್ನು ಕೆದರಿದಾಗ ಬಿಳಿ ಹೊಗೆಯಂತೆ ಪುಡಿ ಏಳುತ್ತದೆ. ಇದರಿಂದ ಬರುವ ಇನ್ನೊಂದು ಕಾಯಿಲೆಗೆ ‘ರೈತನ ಶ್ವಾಸಕೋಶ’ ಎಂದೇ ಹೆಸರು. ಇಂಗ್ಲೆಂಡಿನಲ್ಲಿ 1932ರಲ್ಲಿ ಇದನ್ನು ಮೊದಲು ವಿವರಿಸಲಾಯಿತು. ಇದರ ಲಕ್ಷಣ ಬೇರೆ. ಧೂಳು ತಾಗಿದ ಕೂಡಲೇ ಅಲ್ಲದೆ 4ರಿಂದ 8 ತಾಸುಗಳ ಬಳಿಕ ಚಳಿ, ಜ್ವರ, ಒಣ ಕೆಮ್ಮು, ಉಸಿರಾಟದ ತೊಂದರೆ ಕಾಣಿಸುತ್ತದೆ. ಹೀಗಾಗಿ ಜನ ಇದನ್ನು ಮಾಮೂಲಿ ಜ್ವರ ಎಂದು ತಿಳಿದು ಸುಮ್ಮನಾಗುತ್ತಾರೆ. ಪದೇ ಪದೇ ಹೀಗಾದರೆ ಶ್ವಾಸಕೋಶಕ್ಕೆ ಮತ್ತೆ ಸರಿಪಡಿಸಲಾಗದ ಹಾನಿಯಾಗಬಹುದು. ಹುಲ್ಲು ಕೆದರಿದ ದಿನವೇ ಸಂಜೆ ಜ್ವರ ಬರುವ ವಾಡಿಕೆ ಇದ್ದರೆ ವೈದ್ಯರಿಗೆ ಆ ಸಂಗತಿಯನ್ನು ತಪ್ಪದೆ ತಿಳಿಸಿ.

ಹುಲ್ಲನ್ನು ಕೈಯಲ್ಲಿ ಮಡಚಿದರೆ ಪಟ್ಟನೆ ಮುರಿಯುವಷ್ಟು ಒಣಗಿದ ಮೇಲೆಯೇ ಬಣವೆ ಒಟ್ಟಬೇಕು. ಬಣವೆಯ ಅಡಿಗೆ ಕಲ್ಲು ಮರ ಇಟ್ಟು ನೆಲದ ತೇವ ತಗಲದಂತೆ ಮಾಡಬೇಕು. ಬೂಷ್ಟು ಹಿಡಿದ ಹುಲ್ಲನ್ನು ದನಕ್ಕೂ ಹಾಕಬೇಡಿ. ಅದನ್ನು ನೀರು ಚಿಮುಕಿಸಿ ಬಯಲಿನಲ್ಲೇ ಬಿಚ್ಚಿ ಗೊಬ್ಬರದ ಗುಂಡಿಗೆ ಸೇರಿಸಿ.

ದಾಸ್ತಾನು ಮತ್ತು ಮಲಗುವ ಜಾಗ ಬೇರೆ ಬೇರೆಯಾಗಿರಲಿ

ಧಾನ್ಯದಲ್ಲಿ ಬೆಳೆಯುವ ದಾಸ್ತಾನು ನುಸಿಗಳೂ ಅಲರ್ಜಿ ತರುತ್ತವೆ. ತೇವಾಂಶ ಹೆಚ್ಚಿದಷ್ಟೂ ಇವು ಹೆಚ್ಚುತ್ತವೆ. ಊಟದ ಭತ್ತವನ್ನು ಶೇ. 13ರಿಂದ 14ರಷ್ಟು, ಬೀಜದ ಭತ್ತವನ್ನು ಶೇ. 12ರಷ್ಟು ತೇವಾಂಶಕ್ಕೆ ಒಣಗಿಸಬೇಕು. ಅಳೆಯುವ ಸಾಧನವಿಲ್ಲದಿದ್ದರೆ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ. ಒಣಗಿದ ಕಾಳು ಕಟಕ್ಕೆಂದು ಒಡೆಯುತ್ತದೆ, ತೇವವಿರುವುದು ಚಪ್ಪಟೆಯಾಗುತ್ತದೆ. ಹೀಗೆ ಒಣಗಿಸಿದ ಬೀಜವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಅಥವಾ ಗಾಳಿಯಾಡದ ಚೀಲದಲ್ಲಿ ತುಂಬಿದರೆ ಅಟ್ಟವೇ ಬೇಕೆಂದಿಲ್ಲ, ಜಗಲಿಯ ಮೂಲೆಯಲ್ಲೂ ಕೆಡದೆ ಉಳಿಯುತ್ತದೆ. ಮಂಜಗುಣಿಯ ಆ ಮನೆಯವರಿಗೆ ನಾನು ಮೊದಲ ಸಲವೇ ಹೇಳಬೇಕಾಗಿದ್ದ ಮಾತು ಇದು.

ಭತ್ತ, ಶೇಂಗಾ, ಕೊಬ್ಬರಿ, ತೆಂಗಿನ ಸಿಪ್ಪೆ, ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನು ಇವು ಯಾವುವೂ ಮಲಗುವ ಕೋಣೆಯಲ್ಲಿ ಇರಕೂಡದು. ಬೇರೆ ಕೋಣೆ ಇಲ್ಲದ ಸಣ್ಣ ಮನೆಯಲ್ಲಿ ಉಬ್ಬಸವಿರುವವರ ಹಾಸಿಗೆಯನ್ನು ದಾಸ್ತಾನಿನಿಂದ ಅತಿ ದೂರದ, ಗಾಳಿ ಬೆಳಕಿನ ಮೂಲೆಗೆ ಒಯ್ಯಿರಿ. ಅಟ್ಟದ ಕೆಳಗೆ ಮಲಗುವುದು ಅನಿವಾರ್ಯವಾದರೆ ಹಲಗೆಗಳ ಸಂದು ಮುಚ್ಚಿ, ಕೆಳಬದಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದು ಹೊಡೆಯಿರಿ.

ಇಲ್ಲಿ ಒಂದು ಎಚ್ಚರಿಕೆ. ನುಸಿ ಎಂಬ ಮಾತು ಕೇಳಿ ಬೆಳೆಗೆ ಹೊಡೆಯುವ ಔಷಧಿಯನ್ನು ಹಾಸಿಗೆಗಾಗಲಿ ಕೋಣೆಗಾಗಲಿ ಸಿಂಪಡಿಸಬೇಡಿ. ಧಾನ್ಯಕ್ಕೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಜನ ವಾಸಿಸುವ ಮನೆಯಲ್ಲಿ ಎಂದಿಗೂ ಇಡಬೇಡಿ. ಅದರಿಂದ ಹೊರಡುವ ವಿಷಾನಿಲ ಮಲಗಿದವರ ಜೀವವನ್ನೇ ತೆಗೆಯಬಲ್ಲದು.

ಹಾಸಿಗೆಯ ಆರೈಕೆ

ದಿನದ ಮೂರನೆಯ ಒಂದು ಭಾಗವನ್ನು ನಾವು ಹಾಸಿಗೆಯ ಮೇಲೆ, ಮೂಗನ್ನು ದಿಂಬಿಗೆ ಒತ್ತಿ ಕಳೆಯುತ್ತೇವೆ. ಆದ್ದರಿಂದ ಇಡೀ ಮನೆಯನ್ನು ಶುದ್ಧ ಮಾಡಲು ಸಮಯವಿಲ್ಲದವರು ಹಾಸಿಗೆಯೊಂದನ್ನಾದರೂ ನೋಡಿಕೊಳ್ಳಬೇಕು.

ಹಳೆಯ ಹತ್ತಿಯ ಹಾಸಿಗೆ, ಬೂರುಗದ ಹತ್ತಿಯ ದಿಂಬು ನುಸಿಗಳಿಗೆ ಒಳ್ಳೆಯ ಆಶ್ರಯ. ನಮ್ಮ ಹಿರಿಯರ ಚಾಪೆ ಈ ದೃಷ್ಟಿಯಿಂದ ಉತ್ತಮ. ಅದರಲ್ಲಿ ನುಸಿ ಅಡಗಲು ಜಾಗ ಕಡಿಮೆ, ಒರೆಸುವುದು ಸುಲಭ, ಬಿಸಿಲಿಗೆ ಹಾಕುವುದೂ ಸುಲಭ. ಚಾಪೆಯನ್ನು ಬಡತನದ ಗುರುತೆಂದು ಕಾಣಬೇಡಿ. ಹಾಸಿಗೆ ಬೇಕೇಬೇಕೆನ್ನುವವರು ಒತ್ತಾಗಿ ನೇಯ್ದ ಬಟ್ಟೆಯಿಂದ ಹಾಸಿಗೆ ದಿಂಬುಗಳಿಗೆ ಎಲ್ಲ ಕಡೆಯೂ ಮುಚ್ಚುವ ಗವಸು ಹೊಲಿಸಬೇಕು.

ಹೊದಿಕೆ, ದಿಂಬಿನ ಗವಸುಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ನುಸಿ ಸಾಯಲು ನೀರಿನ ಉಷ್ಣತೆ 55ರಿಂದ 60 ಡಿಗ್ರಿ ಸೆಂ. ಇರಬೇಕು. ಚೆನ್ನಾಗಿ ಕುದಿಯುವ ನೀರು ಒಂದು ಪಾಲು, ಬಾವಿಯ ನೀರು ಒಂದು ಪಾಲು ಬೆರೆಸಿದರೆ ಸುಮಾರು ಇಷ್ಟು ಬಿಸಿ ಸಿಗುತ್ತದೆ. ಬಟ್ಟೆಯನ್ನು ಕೋಲಿನಿಂದ ಅದ್ದಿ, ಅರ್ಧ ತಾಸು ಬಿಡಿ. ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಬಿಸಿನೀರು ಹೊಂದಿಸಲಾಗದಿದ್ದರೆ ತಣ್ಣೀರಿನಲ್ಲಿ ಒಗೆದರೂ ಹಿಕ್ಕೆಯ ಪುಡಿ ಬಹುಪಾಲು ಹೋಗುತ್ತದೆ. ನುಸಿ ಮಾತ್ರ ಉಳಿಯುತ್ತದೆ, ಅದಕ್ಕೆ ಬಿಸಿಲು ಬೇಕು.

ಬಿಸಿಲಿನ ಶಕ್ತಿ ದೊಡ್ಡದು. ಆಸ್ಟ್ರೇಲಿಯಾದ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೇರ ಬಿಸಿಲಿಗೆ ಹಾಕಿದ ನೆಲಹಾಸುಗಳಲ್ಲಿದ್ದ ನುಸಿಗಳು ಕೆಲವೇ ತಾಸುಗಳಲ್ಲಿ ಸತ್ತುದು ಕಂಡುಬಂತು. ಕಾಯಿಸುವುದು, ಒಣಗಿಸುವುದು ಎರಡೂ ಕೆಲಸಗಳನ್ನು ಬಿಸಿಲು ಒಟ್ಟಿಗೆ ಮಾಡುತ್ತದೆ. ಹಾಸಿಗೆ, ದಿಂಬು, ಕೌದಿಗಳನ್ನು ಬೆಳಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಬಿಸಿಕಲ್ಲಿನ ಮೇಲೆ ಅಥವಾ ಗಳುವಿನ ಮೇಲೆ ಹರಡಿ, ನಡುವೆ ಒಮ್ಮೆ ಮಗುಚಿ ಹಾಕಿ. ಸಂಜೆ ತೇವದ ಗಾಳಿ ಇಳಿಯುವ ಮೊದಲೇ ಒಳಗೆ ತನ್ನಿ. ಆದರೆ ಸತ್ತ ನುಸಿಯ ಪುಡಿ ಬಿಸಿಲಿನಿಂದ ನಾಶವಾಗದು. ಆದ್ದರಿಂದ ಒಳಗೆ ತರುವ ಮೊದಲು ಗಾಳಿಗೆ ಬೆನ್ನು ಮಾಡಿ ನಿಂತು ಕೋಲಿನಿಂದ ಚೆನ್ನಾಗಿ ಬಡಿಯಬೇಕು. ಉಬ್ಬಸವಿರುವವರು ಈ ಕೆಲಸ ಮಾಡಬಾರದು.

ಗುಡಿಸುವ ಕ್ರಮ

ಒಣ ಕಸಬರಿಗೆಯಿಂದ ಬೀಸಿ ಗುಡಿಸಿದರೆ ಕಸ ಹೊರಗೆ ಹೋಗುತ್ತದೆ, ಧೂಳು ಮೇಲಕ್ಕೆ ಹೋಗುತ್ತದೆ. ನುಸಿಯ ಹಿಕ್ಕೆ ಪರಾಗದ ಕಣದಷ್ಟು ಗಾತ್ರದ್ದು. ಕೆದಕಿದಾಗ ಎದ್ದು, ಸುಮಾರು 20ರಿಂದ 30 ನಿಮಿಷಗಳಲ್ಲಿ ಮತ್ತೆ ಕೆಳಗೆ ಕೂರುತ್ತದೆ. ಆ ಅರ್ಧ ತಾಸು ಅಲರ್ಜಿ ಇರುವವರು ಕೋಣೆಯ ಹೊರಗಿರಬೇಕು. ಮಂಜಗುಣಿಯ ಹುಡುಗನಿಗೆ ಗುಡಿಸಿದಾಗಲೆಲ್ಲ ಕೆಮ್ಮು ಬರುತ್ತಿದ್ದುದು ಇದರಿಂದಲೇ.

ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಉತ್ತಮ. ಗುಡಿಸಲೇಬೇಕಾದಲ್ಲಿ ನೀರು ಚಿಮುಕಿಸಿದ ಮರದ ಪುಡಿಯನ್ನು ನೆಲಕ್ಕೆ ಎರಚಿ, ಮೆಲ್ಲಗೆ ಎಳೆದು ಗುಡಿಸಿ. ಒರೆಸುವಾಗ ಮೊದಲು ಮೇಲಿನ ತೊಲೆ, ಕಿಟಕಿಯ ಹಲಗೆ, ದೇವರ ಪಟಗಳ ಮೇಲಂಚು, ಫ್ಯಾನಿನ ರೆಕ್ಕೆ, ಕೊನೆಗೆ ನೆಲ ಎಂಬ ಕ್ರಮವಿರಲಿ. ಒರೆಸಿದ ಮೇಲೆ ಕಿಟಕಿ ತೆರೆದು ನೆಲ ಪೂರ್ತಿ ಒಣಗಲು ಬಿಡಿ, ಇಲ್ಲದಿದ್ದರೆ ತೇವ ಕೋಣೆಯಲ್ಲೇ ಉಳಿಯುತ್ತದೆ. ಸಗಣಿ ಸಾರಿಸಿದ ನೆಲ ಒಣಗಿ ಹಕ್ಕಳೆ ಏಳುವಂತಾದರೆ ಅದೂ ಧೂಳಾಗುತ್ತದೆ. ಉಬ್ಬಸವಿರುವವರು ಮಲಗುವ ಕೋಣೆಗಾದರೂ ಗಟ್ಟಿ ನೆಲ ಮಾಡಿಸುವುದು ಒಳಿತು.

ಗೋಡೆಯ ಬೂಷ್ಟನ್ನು ಒಣ ಬಟ್ಟೆಯಿಂದ ತಿಕ್ಕಬೇಡಿ. ಸೋಪಿನ ನೀರಿನಿಂದ ಉಜ್ಜಿ ತೆಗೆದು, ಒಣಗಿಸಿ, ಸುಣ್ಣ ಬಳಿಯಿರಿ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಬೆಳೆಯದು. ಹಂಚು ಸೋರುವುದನ್ನು ನಿಲ್ಲಿಸದೆ ಸುಣ್ಣ ಬಳಿದರೆ ಮಾತ್ರ ಪ್ರಯೋಜನವಿಲ್ಲ.

ಹೊಗೆಯನ್ನೂ ಮರೆಯಬೇಡಿ

ಸೌದೆ ಒಲೆಯ ಹೊಗೆ, ಬೀಡಿಯ ಹೊಗೆ, ಸೊಳ್ಳೆ ಬತ್ತಿಯ ಹೊಗೆ ಇವು ಕೆರಳಿದ ಶ್ವಾಸನಾಳವನ್ನು ಇನ್ನಷ್ಟು ಕೆರಳಿಸುತ್ತವೆ. ಅಡುಗೆಗೆ ಅನಿಲ ಬಂದ ಮನೆಗಳಲ್ಲೂ ಬಚ್ಚಲ ಹಂಡೆಗೆ ಸೌದೆ ಉರಿಯುತ್ತಿರುತ್ತದೆ. ಅದರ ಹೊಗೆ ಮನೆಯೊಳಗೆ ತಿರುಗದಂತೆ ಹೊಗೆಕೊಳವೆ ಇಡಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ’ ಒಲೆಯು 1980ರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಕಲಿಸಿದ ಪಾಠವೂ ಇದೇ: ಸೌದೆ ಕಡಿಮೆ, ಹೊಗೆ ಹೊರಗೆ.

ವರ್ಷದ ಕೆಲಸಗಳು

ಏಪ್ರಿಲ್–ಮೇ: ಹಂಚು ಸರಿಪಡಿಸಿ, ಅಟ್ಟ ಖಾಲಿ ಮಾಡಿ ಒರೆಸಿ, ಗೋಡೆಗೆ ಸುಣ್ಣ ಬಳಿಯಿರಿ. ಕೌದಿ, ಕಂಬಳಿ ಎಲ್ಲವನ್ನೂ ಒಗೆದು ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಳಸದ ಹೊದಿಕೆಗಳನ್ನು ಒಣಗಿದ ಬಿಸಿಯಲ್ಲೇ ಬಿಗಿಯಾಗಿ ಕಟ್ಟಿಡಿ.

ಜೂನ್–ಸೆಪ್ಟೆಂಬರ್: ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಒಣಹಾಕಬೇಡಿ. ಹಾಸಿಗೆಯನ್ನು ಗೋಡೆಗೆ ತಾಗಿಸದೆ ಒಂದು ಗೇಣು ಬಿಡಿ. ಮಳೆ ಬಿಟ್ಟು ಬಿಸಿಲು ಕಂಡ ದಿನ ಉಳಿದ ಕೆಲಸ ಬಿಟ್ಟಾದರೂ ದಿಂಬು ಹೊದಿಕೆಗಳನ್ನು ಹೊರಗೆ ಹಾಕಿ.

ಅಕ್ಟೋಬರ್–ನವೆಂಬರ್: ಗಾಳಿಯ ದಿಕ್ಕು ನೋಡಿ ಒಕ್ಕಣೆ ಮಾಡಿ. ಭತ್ತ, ಹುಲ್ಲು ಒಣಗಿಸಿಯೇ ದಾಸ್ತಾನು ಮಾಡಿ.

ಡಿಸೆಂಬರ್–ಮಾರ್ಚ್: ವರ್ಷದಲ್ಲಿ ಗಾಳಿ ಅತಿ ಒಣಗಿರುವ ಕಾಲ. ವಾರಕ್ಕೊಮ್ಮೆ ಹಾಸಿಗೆ ಬಿಸಿಲಿಗೆ ಬರಲಿ, ಹಗಲಿನಲ್ಲಿ ಕಿಟಕಿಗಳು ತೆರೆದಿರಲಿ.

ರೈತರು ಕೇಳುವ ಎರಡು ಪ್ರಶ್ನೆಗಳು

"ನಮ್ಮ ಅಜ್ಜ ಧೂಳಿನಲ್ಲೇ ಹುಟ್ಟಿ ಬೆಳೆದರು, ಅವರಿಗೇನೂ ಆಗಲಿಲ್ಲವಲ್ಲ?" ಎಂದು ಹಲವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಅಮೆರಿಕದ ಎರಡು ಬೇಸಾಯಗಾರ ಪಂಗಡಗಳನ್ನು ಹೋಲಿಸಿದ 2016ರ ಅಧ್ಯಯನದಲ್ಲಿ, ಮನೆಯ ಪಕ್ಕದಲ್ಲೇ ದನ ಸಾಕಿ ಹಳೆಯ ಪದ್ಧತಿಯಲ್ಲಿ ಬಾಳುವ ಆಮಿಶ್ ಜನರ ಮಕ್ಕಳಲ್ಲಿ ಅಸ್ತಮಾ ಶೇ. 5ರಷ್ಟಿದ್ದರೆ, ಯಂತ್ರಗಳಿಂದ ದೊಡ್ಡ ಬೇಸಾಯ ಮಾಡುವ ಹಟರೈಟ್ ಜನರ ಮಕ್ಕಳಲ್ಲಿ ಶೇ. 21ರಷ್ಟಿತ್ತು. ಎಳವೆಯಲ್ಲೇ ಕೊಟ್ಟಿಗೆಯ ಒಡನಾಟವಿದ್ದ ಮಕ್ಕಳ ದೇಹ ಹಲವು ವಸ್ತುಗಳಿಗೆ ಒಗ್ಗಿಕೊಳ್ಳುತ್ತದೆ ಎಂದು ತೋರುತ್ತದೆ. ಆದರೆ ಒಮ್ಮೆ ಉಬ್ಬಸ ಶುರುವಾದವರಿಗೆ ಅದೇ ಧೂಳು ಕೆಡುಕು. ಆರೋಗ್ಯವಂತ ಮಗು ಕೊಟ್ಟಿಗೆಯಲ್ಲಿ ಆಡಲಿ. ಸುಯ್‌ಗುಟ್ಟುವ ಮಗುವನ್ನು ಬೂಷ್ಟಿನ ಹುಲ್ಲಿನ ಬಳಿ ಬಿಡಬೇಡಿ.

"ಇಷ್ಟೆಲ್ಲ ಮಾಡಿದರೆ ಔಷಧಿ ಬಿಡಬಹುದೇ?" ಎಂಬುದು ಎರಡನೆಯ ಪ್ರಶ್ನೆ. ಬಿಡಬಾರದು. ಗವಸು ಹೊಲಿಸುವುದೋ ಬಿಸಿನೀರಿನಲ್ಲಿ ಒಗೆಯುವುದೋ ಯಾವುದಾದರೂ ಒಂದೇ ಕ್ರಮದಿಂದ ಹೆಚ್ಚಿನ ಗುಣ ಕಾಣಲಿಲ್ಲವೆಂದು ಹಲವು ಪರೀಕ್ಷೆಗಳು ಹೇಳಿವೆ. ಹಲವು ಕ್ರಮಗಳನ್ನು ಒಟ್ಟಿಗೆ, ಬಿಡದೆ ಮಾಡಿದಾಗ ಕಾಟ ತಗ್ಗಬಹುದು, ರೋಗ ಬೇರುಸಹಿತ ಹೋಗದು. ವೈದ್ಯರು ಕೊಟ್ಟ ಉಸಿರಿನ ಪಂಪನ್ನು ಚಟವಾದೀತೆಂದು ಹೆದರಿ ನಿಲ್ಲಿಸಬೇಡಿ, ಅದು ಚಟವಾಗುವುದಿಲ್ಲ. ಮಾತನಾಡಲಾಗದಷ್ಟು ಏದುಸಿರು, ತುಟಿ ಉಗುರು ನೀಲಿಯಾಗುವುದು ಕಂಡರೆ ತಡಮಾಡದೆ ಅಂಕೋಲೆಯ ತಾಲ್ಲೂಕು ಆಸ್ಪತ್ರೆಗೋ ಕಾರವಾರದ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಿರಿ. ಎರಡು ವಾರ ಮೀರಿದ ಕೆಮ್ಮಿಗೆಲ್ಲ ಧೂಳೇ ಕಾರಣವೆಂದು ತಿಳಿಯದೆ, ಕ್ಷಯರೋಗಕ್ಕಾಗಿ ಕಫ ಪರೀಕ್ಷೆ ಮಾಡಿಸಿ.

ಮಂಜಗುಣಿಯ ಆ ಮನೆಯಲ್ಲಿ ಅಟ್ಟ ಖಾಲಿಯಾಯಿತು. ಬೀಜದ ಭತ್ತ ಡಬ್ಬಿ ಸೇರಿ ಜಗಲಿಗೆ ಬಂತು. ಹುಡುಗನಿಗೆ ಚಾಪೆ, ಒಗೆದ ಕೌದಿ, ಕಿಟಕಿಯ ಬಳಿಯ ಜಾಗ ಸಿಕ್ಕಿತು. ಔಷಧಿಯೂ ಮುಂದುವರಿಯಿತು. ಮುಂದಿನ ಸಲ ಹೋದಾಗ, "ಮಳೆಗಾಲದಲ್ಲಿ ಈಗಲೂ ಒಮ್ಮೊಮ್ಮೆ ಬರ್ತದೆ ಸಾಹೇಬ್ರೆ, ಆದರೆ ರಾತ್ರಿ ಮಲಗ್ತಾನೆ" ಎಂದರು ಆ ತಾಯಿ. ಅಂದಿನಿಂದ ಬೀಜ ಸಂಗ್ರಹಣೆಯ ಮಾತು ಬಂದಾಗಲೆಲ್ಲ, ಆ ಜಾಗದಲ್ಲಿ ಮಲಗುವವರು ಯಾರು ಎಂದು ಮೊದಲು ಕೇಳುತ್ತೇನೆ. ನೀವೂ ಭತ್ತದ ಚೀಲವನ್ನು ಒಳಗಿಡುವ ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳಿ.